ಮೊದಲು ಮುಟ್ಟುವ ತುದಿ

ಕಾವೂರಿನ ಬೀಜದ ಕಾರ್ಖಾನೆಯಲ್ಲಿ
ಮೂರನೇ ಸಾಲಿನ ಬೆಲ್ಟು
ಬೆಳಿಗ್ಗೆ ನಡುವಿನಲ್ಲಿ ಹೊರಟದ್ದು
ಚಾಯದ ಹೊತ್ತಿಗೆ ನಾಲ್ಕು ಬೆರಳು ಎಡಕ್ಕೆ.
ಐದು ಗಂಟೆಗೆ ಅಂಚು ಕಬ್ಬಿಣ ಕೆರೆಯುವ ಸದ್ದು,
ಬಿಳಿ ತಿರುಳಿನ ಮೇಲೆ ಬಿಳಿ ನೂಲಿನ ಚೂರು,
ಆರಿಸುವವರ ಕಣ್ಣಿಗೂ ಸಿಗದಷ್ಟು ಬಿಳಿ.

ದಣಿಗಳು ಕೇಳಿದರು: ಎಂತ ಮಾಡುವುದು?
ಕೇಳಿದ್ದು ನನ್ನನ್ನು, ನೋಡಿದ್ದು ನನ್ನ ಹಿಂದಿನ ಗೋಡೆಯನ್ನು.
ಹೆಣ್ಣು ಫಿಟ್ಟರ್ ಅವರಿಗಿನ್ನೂ ರೂಢಿಯಾಗಿಲ್ಲ.
ನಾಳೆ ಹೇಳುತ್ತೇನೆ ಅಂದೆ.

ಎರಡನೇ ಸಾಲಿನಲ್ಲಿ ಇಕ್ಕೆಲಕ್ಕೂ
ಗೂಟದ ಹಾಗೆ ರೋಲರ್ ನಿಲ್ಲಿಸಿದ್ದಾರೆ.
ನೇರ ಹೋಗುತ್ತದೆ, ಸುಳ್ಳಲ್ಲ,
ಇಬ್ಬರು ಪೊಲೀಸರ ನಡುವೆ ಹೋಗುವವನ ಹಾಗೆ.
ಹೋದ ಮಳೆಗಾಲಕ್ಕೆ ಹಾಕಿದ ಬೆಲ್ಟು
ಈಗ ಒಂದೂವರೆ ಅಂಗುಲ ಸಪೂರ.

ಬೈಕಂಪಾಡಿಯಿಂದ ಬಂದವನು ಪುಸ್ತಕ ಬಿಡಿಸಿದ:
ಇದು ತಾನೇ ಕತ್ತು ಹೊರಳಿಸಿ ದಾರಿಗೆ ತರುವ ರೋಲರ್,
ಮೂವತ್ತೆಂಟು ಸಾವಿರ, ಫಿಟ್ಟಿಂಗ್ ಬೇರೆ,
ಹಾಕಿದ ಮೇಲೆ ನೀವು ಮಲಗಬಹುದು ಮೇಡಂ.
ಮಲಗಲಿಕ್ಕೆ ಸಂಬಳ ಕೊಡುವುದಿಲ್ಲ ಇಲ್ಲಿ ಅಂದೆ.
ಅವನು ಹೋದ ಮೇಲೆ, ಅಷ್ಟು ಖಾರ ಬೇಡವಿತ್ತೇನೋ.

ಯೆಯ್ಯಾಡಿಯ ಲೇತಿನ ವಾಮನಣ್ಣ
ಡ್ರಮ್ಮಿನ ನಡು ಕೊಂಚ ಉಬ್ಬಿಸಿ ಕೊಡುತ್ತೇನೆ ಎಂದರು.
ನೀರು ತಗ್ಗಿಗೆ ಹೋಗುತ್ತದೆ, ಬೆಲ್ಟು ದಿಣ್ಣೆಗೆ.
ನಂಬಲಿಲ್ಲ ನಾನು. ರಾತ್ರಿ ಅಡುಗೆಮನೆಯಲ್ಲಿ
ಹೊಟ್ಟೆ ದಪ್ಪದ ಲಟ್ಟಣಿಗೆಗೂ ಹೆಬ್ಬೆರಳಿಗೂ
ರಬ್ಬರ್ ಬ್ಯಾಂಡ್ ಸಿಕ್ಕಿಸಿ ತಿರುಗಿಸಿದೆ.
ಹತ್ತಿತು! ತುದಿಯಿಂದ ತೆವಳಿ ತೆವಳಿ
ಉಬ್ಬಿನ ನೆತ್ತಿಯಲ್ಲಿ ಹೋಗಿ ಕೂತಿತು.
ಅಮ್ಮ ಹಿಟ್ಟಿನ ಕೈಯಲ್ಲಿ ನಿಂತು ನೋಡಿದಳು,
ಚಪಾತಿ ಯಾರು ಲಟ್ಟಿಸುವುದು ಎಂದಳು.

ಆದರೆ ಡ್ರಮ್ಮು ಬಿಚ್ಚಿದರೆ ಐದು ದಿನ ಸಾಲು ಬಂದ್,
ಹದಿನಾರು ಮಂದಿಗೆ ಐದು ದಿನದ ಕೂಲಿ ಇಲ್ಲ.

ಜೋಕಟ್ಟೆಗೆ ಫೋನು ಮಾಡಿದೆ. ನನಗಿಂತ ಮೊದಲು
ಇಪ್ಪತ್ತಾರು ವರ್ಷ ಇದೇ ಸ್ಪ್ಯಾನರ್ ಹಿಡಿದ ಚೆಯ್ಯಬ್ಬಾಕ,
ಹಿಂದೆ ಟೀವಿ, ಮೊಮ್ಮಕ್ಕಳ ಜಗಳ, ನಡುವೆ ಅವರ ಕೆಮ್ಮು:
ರೋಲರಿನ ಯಾವ ತುದಿಯನ್ನು ಮೊದಲು ಮುಟ್ಟುತ್ತದೋ
ಬೆಲ್ಟು ಆ ಕಡೆಗೇ ಸರಿಯುವುದು ಮಗಳೇ,
ಅದಕ್ಕೆ ಬೇರೆ ಬುದ್ಧಿ ಇಲ್ಲ.
ಮೊದಲು ನೂಲು ಹಿಡಿ. ಆಮೇಲೆ ದುಡ್ಡು.

ಪಾಳಿ ಬಿಟ್ಟ ಮೇಲೆ ವಾಚ್‌ಮನ್ ಐತಪ್ಪಣ್ಣ
ಆ ತುದಿಯಲ್ಲಿ ನೂಲು ಹಿಡಿದರು, ಈ ತುದಿಯಲ್ಲಿ ನಾನು.
ಹುರಿದ ಸಿಪ್ಪೆಯ ಎಣ್ಣೆ ವಾಸನೆ, ಒಂದೇ ಟ್ಯೂಬ್‌ಲೈಟು.
ಒಂದು, ಎರಡು, ಏಳು, ಹತ್ತು, ಎಲ್ಲ ಮೂಲೆಮಟ್ಟ.
ಹನ್ನೊಂದನೆಯದರ ಎಡ ಕಿವಿ
ಬೆಲ್ಟು ಬರುವ ದಿಕ್ಕಿಗೆ ಒಂದು ಉಗುರು ಮುಂದೆ,
ಬೋಲ್ಟಿನ ತೂತು ಉಜ್ಜಿ ಉಜ್ಜಿ ಮೊಟ್ಟೆಯಾಕಾರ,
ಬಣ್ಣ ಹೋಗಿ ಕಬ್ಬಿಣ ಕನ್ನಡಿಯಾಗಿತ್ತು ಅಲ್ಲಿ,
ಬೇರೆಲ್ಲೂ ಹಾಗಿರಲಿಲ್ಲ.

ಅದು ಬೆನೆಡಿಕ್ಟಾ ಬಾಯಿ ಕೂರುವ ಜಾಗ.
ಬಾಯಿ ಗಿಡ್ಡ, ಸ್ಟೂಲು ಎತ್ತರ,
ನೆಲ ಸಿಗದ ಕಾಲಿಗೆ ಒಂಬತ್ತು ವರ್ಷದಿಂದ
ಹನ್ನೊಂದನೇ ರೋಲರಿನ ಕಿವಿಯೇ ಮಣೆ.
ದಿನಕ್ಕೆ ಎಂಟು ಗಂಟೆ ಒಂದು ಸಪೂರ ಕಾಲು
ಒತ್ತಿದ್ದೂ ಗೊತ್ತಿಲ್ಲದೆ ಒತ್ತಿದ್ದು.

ದಣಿಗಳಿಗೆ ಅದನ್ನು ಹೇಳಲಿಲ್ಲ ನಾನು.
ರಿಜಿಸ್ಟರಿನಲ್ಲಿ ಬರೆದದ್ದು ಇಷ್ಟೇ:
ಬೋಲ್ಟ್ ನಾಲ್ಕು, ವಾಷರ್ ನಾಲ್ಕು, ಹಲಗೆ ಒಂದು, ಹಳೆಯದು.
ಹಲಗೆ ಯಾತಕ್ಕೆ ಎಂದು ಯಾರೂ ಕೇಳಲಿಲ್ಲ.

ಬೆಳಿಗ್ಗೆ ಗುಂಡಿ ಒತ್ತಿ ನಿಂತೆ.
ಬೆಲ್ಟು ಅರ್ಧ ಬೆರಳು ಅತ್ತ, ಅರ್ಧ ಬೆರಳು ಇತ್ತ
ಆಡಿತು. ಇನ್ನೂ ತಿದ್ದಬಹುದಿತ್ತು. ಬಿಟ್ಟೆ.
ಬಾಯಿಯ ಕಾಲು ಹಳೇ ಜಾಗ ಹುಡುಕಿ
ಗಾಳಿಯಲ್ಲಿ ಸ್ವಲ್ಪ ಹೊತ್ತು ತಡವರಿಸಿ
ಹಲಗೆಯ ಮೇಲೆ ಇಳಿಯಿತು.

ಮಧ್ಯಾಹ್ನ ಕರೆದರು: ಹೇ ಹುಡುಗಿ,
ನಿನ್ನ ಹಲಗೆಯ ಮೂಲೆ ಚುಚ್ಚುತ್ತದೆ.
ಪಾಲಿಶ್ ಪೇಪರ್ ತರಲು ಹೋದೆ.