ಸುತ್ತಿ ಬಂದ ಕಣ

ಗಿಳಿಹಸಿರು ಬಟ್ಟೆ, ದಾಸವಾಳದ ಕೆಂಪಂಚು,
ಅಂಚಿನ ಮೂಲೆಯಲ್ಲಿ ಸಾಸಿವೆಯಷ್ಟು ನೀಲಿ ಶಾಯಿ.
ಆ ಚುಕ್ಕೆ ನನ್ನದು.
ಮಗ ಮಗ್ಗಿ ಬರೆಯುತ್ತಿದ್ದ ಮೇಜಿನ ಮೇಲೆ
ಬಾಗಿನಕ್ಕೆಂದು ಮಡಿಸುವಾಗ ಪೆನ್ನು ಸೋರಿತ್ತು.
ಇರಲಿ, ರವಿಕೆ ಕಣ ಯಾರು ಹೊಲಿಸುತ್ತಾರೆ ಅಂದುಕೊಂಡು
ಚುಕ್ಕೆ ಒಳಗಾಗುವ ಹಾಗೆ ಮಡಿಸಿ
ಎಲೆ ಅಡಿಕೆ, ಬಳೆ, ಬಿಚ್ಚೋಲೆಯ ಜೊತೆ
(ತೆಂಗಿನಕಾಯಿ ಲೆಕ್ಕಕ್ಕಿಲ್ಲ,
ಅರಸೀಕೆರೆಯಲ್ಲಿ ಕಾಯಿ ಕೊಟ್ಟರೆ ನೀರು ಕೊಟ್ಟಂತೆ)
ಹನ್ನೊಂದು ವರ್ಷದ ಹಿಂದೆ
ಕೊಬ್ಬರಿ ಮಂಡಿಯ ವಿಶಾಲಾಕ್ಷಿಗೆ ಕೊಟ್ಟೆ.

ಮರುವರ್ಷ ಬಂತು,
ದ್ರಾಕ್ಷಾಯಣಮ್ಮನ ಮನೆ ಗೃಹಪ್ರವೇಶದಲ್ಲಿ, ನನ್ನದೇ ಮಡಿಲಿಗೆ.
ಮೂಲೆ ಬಿಡಿಸಿ ನೋಡಿದೆ. ಅದೇ.
ನುಸಿಗುಳಿಗೆಯ ವಾಸನೆ ಹೊತ್ತಿತ್ತು.
ಕೊಟ್ಟೆ ಮತ್ತೆ. ಮತ್ತೆ ಬಂತು,
ಈ ಸಲ ಕರ್ಪೂರದ ವಾಸನೆ,
ಯಾರೋ ನಾಲ್ಕು ಮಡಿಕೆಯದನ್ನು ಮೂರು ಮಾಡಿದ್ದರು.
ಹಳೆ ಮಡಿಕೆಗಳಲ್ಲಿ ಹಸಿರು ಬಿಳಿಚಿ
ಗದ್ದೆಯ ಬದುವಿನ ಹಾಗೆ ಗೆರೆ ಬಿದ್ದಿತ್ತು.
ಎಲ್ಲೆಲ್ಲಿಗೆ ಹೋಗಿದ್ದೆ ತಾಯಿ, ಅಂದೆ ಒಬ್ಬಳೇ.
ಸೀಮಂತ ಎಷ್ಟು, ನಾಮಕರಣ ಎಷ್ಟು,
ಎಷ್ಟು ಮನೆಯ ಅರಿಶಿನ ಕುಂಕುಮ ನೋಡಿತ್ತೋ,
ಮೈ ಒಂದನ್ನು ಬಿಟ್ಟು.

ಹೋದ ಗೌರಿಹಬ್ಬಕ್ಕೆ
ರೈಲ್ವೆ ಕ್ವಾರ್ಟರ್ಸಿನ ರಿಂಕುದೇವಿಯನ್ನು ಕರೆದೆ.
ಗಂಡ ಕೀಮನ್ನು. ದರ್ಭಂಗದ ಕಡೆಯವರು.
ತಲೆತುಂಬ ಸೆರಗು,
ನಾವು ಚಿಟಿಕೆಯಷ್ಟು ಇಟ್ಟುಕೊಳ್ಳುವುದನ್ನು
ಅವಳು ಬೈತಲೆ ಉದ್ದಕ್ಕೂ ಎಳೆದುಕೊಂಡಿದ್ದಳು,
ಕಿತ್ತಳೆ ಬಣ್ಣದ್ದು.
ಮೇಲೆ ಇದ್ದ ಕಣ ತೆಗೆದು ಕೊಟ್ಟೆ. ಅದೇ ಮೇಲಿತ್ತು.
ಎರಡೂ ಕೈಲಿ ಇಸಕೊಂಡು ಹಣೆಗೆ ಮುಟ್ಟಿಸಿಕೊಂಡಳು.

ಒಂಬತ್ತನೇ ದಿನ, ಸೋಮವಾರ, ಶಿವಾಲಯದಲ್ಲಿ
ಹೊಲಿಸಿ ಹಾಕಿಕೊಂಡು ಬಂದಿದ್ದಳು.
ಎಡತೋಳು. ಕೆಂಪಂಚು. ಸಾಸಿವೆಯಷ್ಟು ನೀಲಿ.

ನಾವು ಆರು ಜನ ಇದ್ದೆವು, ಆರು ಜನಕ್ಕೂ ಗುರುತು ಹತ್ತಿತು.
ವಿಶಾಲಾಕ್ಷಿ ನನ್ನನ್ನು ನೋಡಿದಳು,
ನಾನು ದೀಪ ನೋಡಿದೆ.
ದ್ರಾಕ್ಷಾಯಣಮ್ಮ ಇಲ್ಲದ ಕೆಮ್ಮು ಕೆಮ್ಮಿದರು.
ಬಾಯಿ ಬಿಟ್ಟರೆ ಬಿಟ್ಟವಳ ಹೆಸರೇ ಮೊದಲು ಹೊರಗೆ.

‘ದೀದಿ, ನಿಮ್ದು ಬಟ್ಟೆ. ಚೆನ್ನಾಗಿ ಇದೆ?’

ಚೆನ್ನಾಗಿದೆ, ಅಂದೆ.
ಸುಳ್ಳಲ್ಲ.
ಹನ್ನೊಂದು ವರ್ಷ ಬರೀ ಮಡಿಕೆಯಾಗಿದ್ದದ್ದಕ್ಕೆ
ಎರಡು ತೋಳು ಬಂದಿದ್ದವು,
ಒಂದು ಗಂಟೆ ಬಾರಿಸುತ್ತಿತ್ತು,
ಇನ್ನೊಂದು ಮಗುವಿನ ಮೂಗು ಒರೆಸುತ್ತಿತ್ತು.

ಮನೆಗೆ ಬಂದು ಟ್ರಂಕು ತೆಗೆದೆ.
ನಲವತ್ತಮೂರು.
ಬದನೆ ಬಣ್ಣದ್ದೊಂದು, ಯಾಕಾದರೂ ಇರಲಿ ಅಂತ ಅರಿಶಿನದ್ದೊಂದು
ಚೀಲಕ್ಕೆ ಹಾಕಿ ಜಬೀನಾಳ ಅಂಗಡಿಗೆ ನಡೆದೆ.

ಹಾಸಿ ಅಳೆದಳು. ತಲೆ ಆಡಿಸಿದಳು.
‘ಎಂಬತ್ತು ಸೆಂಟಿಮೀಟರು, ಅಕ್ಕ.
ಇದು ಕೊಡೋ ಬಟ್ಟೆ, ಹಾಕೋ ಬಟ್ಟೆ ಅಲ್ಲ.
ನಿಮಗೆ ತೋಳು ಬರಲ್ಲ.’
ಆ ರಿಂಕುಗೆ ಬಂತಲ್ಲ?
‘ಅವಳು ಕಡ್ಡಿ.’

ಅರಿಶಿನದ್ದನ್ನು ಮುಂದಿಟ್ಟೆ.
ತೋಳು ಇದರಲ್ಲಿ ಹೊಲಿ.
ಕನ್ನಡಕದ ಮೇಲಿಂದ ಒಂದು ಗಳಿಗೆ ನೋಡಿದಳು,
ಟೇಪು ಕೊರಳಿಂದ ಇಳಿಸಿದಳು.
‘ಹಳೇ ಅಳತೆ ಬರೆದಿಟ್ಟಿದ್ದೀನಿ, ಅದೇ ಹಾಕಲಾ?’

ಬೇಡ, ಹೊಸದಾಗಿ ತಗೋ, ಅಂತ
ಕೈ ಎತ್ತಿ ನಿಂತೆ.
ಜಂಕ್ಷನ್ನಿನಲ್ಲಿ ಯಾವುದೋ ಗಾಡಿ ಕೂಗಿತು.

ಅಂಕಿ ಮಾತ್ರ
ಜೋರಾಗಿ ಹೇಳಬೇಡ.