ಹೆರಿಂಗ

ಮಾರಿಕುಪ್ಪಂ ರೈಲುಗೇಟಿನಾಚೆ ಎರಡು ಕೋಣೆಯ ದವಾಖಾನೆ.
ಸ್ಪೇನಿನಿಂದ ಬಂದ ಸಿಸ್ಟರ್ ಪಿಲಾರ್
ಮೊದಲ ದಿನ ಕೈ ಚಾಚಿ "ಹೆರಿಂಗ" ಅಂದಳು.
ನನಗೆ ಕೇಳಿಸಿದ್ದು ಹೆರಿಗೆ.
ಓಡಿಹೋಗಿ ಬಿಸಿನೀರಿಟ್ಟೆ, ಹಳೆ ಸೀರೆ ಹರಿದೆ,
ರಬ್ಬರ್ ಶೀಟು ಹಿಡಿದು ವಾಪಸು ಬಂದರೆ
ಮಂಚದ ಮೇಲೆ ಮೀಸೆಯ ಆರೋಗ್ಯದಾಸು,
ಚಾಂಪಿಯನ್ ರೀಫಿನಲ್ಲಿ ಇಪ್ಪತ್ತಾರು ವರ್ಷ ಡ್ರಿಲ್ಲು ಹಿಡಿದವನು.
"ಹೆಣ್ಣಾದ್ರೆ ನಿನ್ನೆಸ್ರೇ ಇಡ್ತೀನಿ ಅಕ್ಕಯಮ್ಮ" ಅಂದ.
ನಕ್ಕ. ಕೆಮ್ಮಿದ.
ನಗು ನಿಂತ ಮೇಲೂ ಕೆಮ್ಮು ನಿಲ್ಲಲಿಲ್ಲ.

ಹೆರಿಂಗ ಅಂದರೆ ಅವಳೂರಲ್ಲಿ ಸಿರಿಂಜು.
ತಲೆ ತಿನ್ನುವವರನ್ನೂ ಅದೇ ಮಾತಿನಿಂದ ಬೈತಾರಂತೆ.
ಸಂಜೆ ಅಲ್ಯೂಮಿನಿಯಂ ಬೋಸಿಯಲ್ಲಿ ಗಾಜು ಕುದಿಯುವಾಗ
ಸ್ಟೂಲೆಳೆದುಕೊಂಡು ಹೇಳುತ್ತಿದ್ದಳು:
ಗ್ರೀಕರ ನಾಡಲ್ಲಿ ಸಿರಿಂಕ್ಸ್ ಅಂತೊಬ್ಬ ಹುಡುಗಿ,
ಅಟ್ಟಿಸಿಕೊಂಡು ಬಂದವನು ಮೇಕೆಗಾಲಿನ ದೇವರು,
ಹೊಳೆ ಅಡ್ಡ ಬಂತು,
ಅಲ್ಲೇ ಜೊಂಡಾಗಿ ನಿಂತಳು.
ಬಿಟ್ಟನೇ ಅವನು? ಕೊಯ್ದ, ಕಟ್ಟಿದ, ಊದಿದ.
ಆಮೇಲೆ ಯಾವ ಕೊಳವೆಗೂ ಅವಳದೇ ಹೆಸರು,
ಹಕ್ಕಿ ಗಂಟಲ ತಳದಲ್ಲಿ ಹಾಡುವ ಎಲುಬಿಗೂ,
ಸೂಜಿಯ ಹಿಂದೆ ಕೂತ ಈ ಗಾಜಿಗೂ.

ಅವಳಿಗೆ ಅಮ್ಮ ಇರಲಿಲ್ಲವಾ? ಅಂದೆ.
ಇದ್ದಿರಬೇಕು, ಯಾರೂ ಬರೆದಿಲ್ಲ ಅಂದಳು.
ನೀರು ಉಕ್ಕಿತು.

ಕುರುವಿಗೆ ಪೆನ್ಸಿಲಿನ್ ಹಾಕಿಸಿಕೊಳ್ಳಲು ಬಂದ
ಬೇತಮಂಗಲದ ಸಂಸ್ಕೃತ ಮೇಷ್ಟ್ರು, ಅವಧಾನಿಗಳು,
ಬೋರಲು ಮಲಗಿದ್ದಲ್ಲಿಂದಲೇ ತಲೆಯೆತ್ತಿ ಅಂದರು:
ನಮ್ಮ ಸುರಂಗವೂ ಅದೇ ಕಣಮ್ಮ,
ಯವನರ ಬಾಯಿಂದ ಸಂಸ್ಕೃತಕ್ಕೆ, ಅಲ್ಲಿಂದ ನಮ್ಮ ಬಾಯಿಗೆ
ಅಂತ ಬಲ್ಲವರ ಅಂಬೋಣ. ಮೆಲ್ಲಗೆ ಚುಚ್ಚು, ಅಯ್ಯೋ!

ಪರದೆಯಾಚೆ ಆರೋಗ್ಯದಾಸು
ತುಂಬ ಹೊತ್ತು ಮಾತಾಡಲಿಲ್ಲ.
"ಹಂಗಾದ್ರೆ ನಾನು ಡ್ಯೂಟಿ ಮಾಡಿದ್ದು ಕೊಳಲೊಳಗೆ" ಅಂದ.
"ಊದೋರು ಮೇಲಿದ್ರು."

ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಎರಡು ಸ್ವರ,
ಎಡಕ್ಕೊಂದು, ಬಲಕ್ಕೆ ಅದಕ್ಕಿಂತ ಇಳಿದದ್ದೊಂದು.
ಕಲ್ಲಿನ ಪುಡಿ, ಅಂದಳು ಸಿಸ್ಟರ್, ತೊಳೆಯಲಾಗದು.
ಅವಳಿಗೆ ಆ ವಾಕ್ಯ ಮಾತ್ರ ಕನ್ನಡದಲ್ಲಿ ತಪ್ಪಿಲ್ಲದೆ ಬರುತ್ತಿತ್ತು.

ಕೊನೆಯ ಸಲ, ಲಾಂದ್ರದ ಬೆಳಕಲ್ಲಿ,
ಸೈನೈಡ್ ಗುಡ್ಡದ ಧೂಳು ಕಿಟಕಿಗೆ ಬಡಿಯುತ್ತಿದ್ದ ರಾತ್ರಿ,
ಕಣ್ಣು ತೆರೆಯದೆ ಕೇಳಿದ:
"ಅಕ್ಕಯಮ್ಮ, ಹೆಣ್ಣಾ? ಗಂಡಾ?"

ನಾನು ಗಾಜಿನ ಮೇಲಿನ ಗೆರೆ ಎಣಿಸುತ್ತಿದ್ದೆ.
ಹೆಣ್ಣು, ಅಂದೆ.