ನಾಲ್ಕನೆಯ ನೆಲಮಾಳಿಗೆ

ಮಗಳು ಸತ್ತಳು. ಮತ್ತೆ ಸತ್ತಳು.
ಊಟಕ್ಕೆ ಕರೆಯುವಷ್ಟರಲ್ಲಿ ಇನ್ನೆರಡು ಸಲ.
ಸೇತುವೆಯ ಮೇಲೆ ನಿಂತ ಕಬ್ಬಿಣದ ಮನುಷ್ಯ
ಕೊಡಲಿ ಎತ್ತಿದಾಗ ಎಡಕ್ಕೆ ಉರುಳಬೇಕಂತೆ,
ಬೀಸುವ ಮೊದಲಲ್ಲ, ಬೀಸಿದ ಮೇಲೂ ಅಲ್ಲ,
ನಡುವೆ ಕೂದಲೆಳೆಯಷ್ಟು ಜಾಗವಿದೆಯಂತೆ,
ಅದರೊಳಗೆ ನುಸುಳಬೇಕು.
"ಎಷ್ಟನೇ ಸಲ, ಅಫ್ರಾ?"
"ಅರವತ್ತೊಂದು," ಅಂದಳು ಕಣ್ಣು ತೆಗೆಯದೆ.
ಮೀನುಸಾರು ಅವಳ ಮಡಿಲಲ್ಲೇ ಆರಿತು.

ಇದೇ ರೂವಿಯಲ್ಲಿ, ಹಮ್ರಿಯಾದ ಕಡೆ,
ಆರು ಮಂಚದ ಒಂದು ಕೋಣೆಯಲ್ಲಿ
ನಾನೂ ಒಬ್ಬ ವೀರನಾಗಿದ್ದೆ,
ಗುರುವಾರ ರಾತ್ರಿಗಳಲ್ಲಿ ಮಾತ್ರ.
ಹನ್ನೆರಡು ರಿಯಾಲಿನ ಹಳೇ ಕಂಪ್ಯೂಟರ್,
ಅರ್ಧ ನನ್ನದು, ಅರ್ಧ ಶಿರ್ವದ ವಲೇರಿಯನ್‌ನದು.
ಅವನು ಕೋಲ್ಡ್ ಸ್ಟೋರೇಜಿನಲ್ಲಿ ಕೋಳಿಪೆಟ್ಟಿಗೆ ಎಣಿಸುವವ,
ನಾನು ಏಸಿ ಡಕ್ಟಿನ ನಕ್ಷೆ ಬರೆಯುವವ.
ಆಫೀಸಿನ ಚೌಕಳಿ ಹಾಳೆ ಅಂಗಿಯೊಳಗೆ ಅಡಗಿಸಿ ತರುತ್ತಿದ್ದೆ.
ಹೆಜ್ಜೆಗೊಂದು ಚೌಕ, ಗೋಡೆಗೊಂದು ಗೆರೆ.
ದಾರಿ ತೋರಿಸುವ ಬಾಣವಿಲ್ಲ,
ಸುಳಿವು ಕೊಟ್ಟ ಮುದುಕ ಎರಡನೇ ಸಲ ಬಾಯಿಬಿಡುವುದಿಲ್ಲ.

ಒಮ್ಮೆ ಹಾವು ಕಚ್ಚಿತು.
ವಿಷವೇರಿದರೆ ಹೆಜ್ಜೆಗೊಂದು ಜೀವ ಸೋರುತ್ತದೆ.
ಮೂರು ವಾರದ ಹಿಂದೆ, ಅಂಗಡಿಯಲ್ಲಿ,
ಕತ್ತಿಯ ಆಸೆಗೆ ಮದ್ದು ಬಿಟ್ಟಿದ್ದೆ.
"ಎಣಿಸು," ಅಂದ ವಲೇರಿಯನ್.
ಮೆಟ್ಟಿಲಿಗೆ ನಲವತ್ತು ಹೆಜ್ಜೆ,
ಉಳಿದದ್ದು ಮೂವತ್ತೆಂಟು ಜೀವ.
ಇನ್ನೂ ಸತ್ತಿರಲಿಲ್ಲ, ಆದರೆ ಸತ್ತಾಗಿತ್ತು.
ಕೆಳಮಂಚದವನು ಲೈಟು ಆರಿಸಲು ಗೊಣಗುವವರೆಗೂ
ಇಬ್ಬರೂ ಪರದೆ ನೋಡುತ್ತ ಕೂತೆವು.

"ಅದು ಕಷ್ಟ ಅಲ್ಲ ಬಾಪಾ, ಬರೀ ನಿಧಾನ."

ಉತ್ತರ ಹುಡುಕುತ್ತ ನಾನೂ ನಿಧಾನವಾದೆ.
ಅವಳು ಕಂಟ್ರೋಲರ್ ಕೈಗಿಟ್ಟಳು.
ಹನ್ನೊಂದು ಸೆಕೆಂಡು.
ಕೊಡಲಿ ಕಂಡಿತು, ಗುಂಡಿ ಯಾವುದೆಂದೂ ಹೊಳೆಯಿತು,
ಬೆರಳಿಗೆ ಸುದ್ದಿ ಮುಟ್ಟುವ ಮೊದಲೇ ಪರದೆ ಕೆಂಪು.
ಎರಡು ಉಸಿರು ಕಳೆದರೆ ಮತ್ತೆ ಅದೇ ಸೇತುವೆ,
ಏನೂ ಆಗಿಲ್ಲವೆಂಬಂತೆ.
"ಸತ್ತದ್ದಕ್ಕೆ ಲೆಕ್ಕವೇ ಇಲ್ಲವಲ್ಲ," ಅಂದೆ.
"ಇದೆ," ಅಂದಳು. "ಕೈ ಲೆಕ್ಕ ಇಡುತ್ತೆ."

ಊರಲ್ಲಿ ಅಜ್ಜಿ ಚೆನ್ನೆಮಣೆಗೆ ಬಗ್ಗಿ ಕೂತರೆ
ಮಂಜೊಟ್ಟಿ ಕಾಳುಗಳು ಬೀಳುವ ಮೊದಲೇ
ಕಣ್ಣಲ್ಲಿ ಬಿದ್ದಿರುತ್ತಿದ್ದವು.
ಅದೇ ಅಂಗಳದಲ್ಲಿ ನಾವು ಕುಟ್ಟಿದೊಣ್ಣೆ ಆಡಿ
ಹಣೆ ಒಡೆದುಕೊಂಡು ಬರುತ್ತಿದ್ದೆವು.
ಯಾವುದು ಕಷ್ಟ ಎಂದು ಯಾರೂ ತಕ್ಕಡಿ ಹಿಡಿಯಲಿಲ್ಲ.
ನಾನು ಹಿಡಿದಿದ್ದೇನೆ, ಐವತ್ತೆಂಟರಲ್ಲಿ,
ಸೋತ ಕೈಯಲ್ಲಿ.

ಒಂದು ಆಗಸ್ಟಿನಲ್ಲಿ ಫ್ಲಾಪಿಯನ್ನು
ಪಿಕಪ್ಪಿನ ಡ್ಯಾಶ್‌ಬೋರ್ಡಿನ ಮೇಲೆ ಮರೆತೆ.
ಸಂಜೆಗೆ ಅದು ಹಪ್ಪಳ.
ಎಂಟು ತಿಂಗಳ ಗುರುವಾರಗಳು ಅದರೊಳಗೆ.
ವಲೇರಿಯನ್ ಬೈಯಲಿಲ್ಲ,
ಹೊಸ ಹೆಸರು ಬರೆದು ಮೊದಲಿಂದ ಶುರುಮಾಡಿದ.
ನಾಲ್ಕನೆಯ ನೆಲಮಾಳಿಗೆಗೆ ಇಳಿದ ವಾರ
ಅವನ ಕಂಪನಿಗೆ ಬೀಗ ಬಿತ್ತು.
ಎಂದೋ ಓದದೆ ಸಹಿ ಹಾಕಿದ ಅರಬಿ ಕಾಗದವೊಂದು
ಆ ದಿನ ಕಚ್ಚಿತು.
ಮಸ್ಕತ್-ಮುಂಬೈ ಟಿಕೆಟ್, ಇಪ್ಪತ್ತು ಕಿಲೋ.
ನಕ್ಷೆಯ ಈಶಾನ್ಯ ಮೂಲೆ ಖಾಲಿಯೇ ಉಳಿಯಿತು.

ಆ ಹಾಳೆ ಈಗ ಅಫ್ರಾಳ ಕೈಯಲ್ಲಿ.
"ಇಲ್ಲೇನಿದೆ?"
"ಗೊತ್ತಿಲ್ಲ."
"ಇಷ್ಟು ವರ್ಷ ಗೊತ್ತಿಲ್ಲದೆ ಇದ್ದೀಯಾ?"

ಶುಕ್ರವಾರ ಎಲ್ಲಿಂದಲೋ ಆ ಆಟವನ್ನು ಲ್ಯಾಪ್‌ಟಾಪಿಗೆ ಇಳಿಸಿದಳು.
ಜುಮಾಕ್ಕೆ ಹೋಗಿ ಬರುವಷ್ಟರಲ್ಲಿ ಸಿಟ್ಟಾಗಿದ್ದಳು.
"ಒಂದು ಗಂಟೆ ಹಿಂದೆ ಮಾಡಿದ ತಪ್ಪಿಗೆ ಈಗ ಸಾಯುವುದಾ?
ಇದು ಅನ್ಯಾಯ ಬಾಪಾ."
ನಾನು ಹೂಂ ಅಂದೆ.

ರಾತ್ರಿ ಹಲ್ಲುಜ್ಜುತ್ತಿದ್ದಾಗ ಹಾಲ್ ಸದ್ದಿಲ್ಲದಾಯಿತು.
ಸೇತುವೆಯ ಮೇಲೆ ಕಬ್ಬಿಣದ ಮನುಷ್ಯ ಮೊಣಕಾಲೂರಿದ್ದ.
ಅವಳು ಕೂಗಲಿಲ್ಲ, ಕುಣಿಯಲಿಲ್ಲ.
ಎರಡೂ ಕೈ ಮುಂದೆ ಚಾಚಿ
ಅವು ನಡುಗುವುದನ್ನು ನೋಡುತ್ತಿದ್ದಳು,
ಬೇರೆ ಯಾರದೋ ಕೈಗಳೆಂಬಂತೆ.

ಅವಳ ತಟ್ಟೆಯಡಿ ಚೌಕಳಿ ಹಾಳೆ.
ವಲೇರಿಯನ್‌ನ ತೆಳು ಗೆರೆ ನಿಂತಲ್ಲಿಂದ
ದಪ್ಪ ಪೆನ್ಸಿಲಿನಲ್ಲಿ ಐದು ಚೌಕ,
ಆಮೇಲೆ ಗೋಡೆ,
ಗೋಡೆಯ ಮೇಲೊಂದು ಮೀನುಸಾರಿನ ಕಲೆ.